ಕಾಲಂಚಿನಿಂದ ಹೊಲಿದ ಬಾವುಟ

ಈ ಸಭೆಯ ಅಧ್ಯಕ್ಷರೂ, ನಮ್ಮ ವಾಡಿಯವರೂ, ಸಂಬಂಧದಲ್ಲಿ ನನಗೆ ಮೈದುನರೂ ಆದ ಪಂಢರಿನಾಥ ಅವರೇ, ಬೀದರಿನಿಂದ ಜೀಪಿನ ಧೂಳು ಕುಡಿದು ಬಂದಿರುವ ಅಧಿಕಾರಿಗಳೇ, ಭಾಲ್ಕಿಯಿಂದ ದಯಮಾಡಿಸಿದ ಹಿರಿಯರೇ, ಔರಾದ ಸಾಲಿಯ ಮಾಸ್ತರರೇ, ಕುರ್ಚಿ ಸಾಲದೆ ಗೋಡೆಗೆ ಆತು ನಿಂತಿರುವ ತಾಯಂದಿರೇ, ಸಭಿಕರೇ, ನಿಮಗೆಲ್ಲ ಮೈಲಾರಲಿಂಗನ ಹೆಸರಿನಲ್ಲಿ ಶರಣು.

ನಾನು ಪುತಳಾಬಾಯಿ. ಸಂತಪುರದ ಆಚೆ, ಬುರುಜು ಇರುವ ಸಣ್ಣ ವಾಡಿಯವಳು. ಕುರಿ ಕಾಯುವವರ, ಕಂಬಳಿ ನೇಯುವವರ ಮನೆಯ ಸೊಸೆ. ನಾಲ್ಕನೇ ತರಗತಿಯವರೆಗೆ ಊರ ಸಾಲಿಯಲ್ಲಿ ಕಲಿತಿದ್ದೇನೆ. ಮೈಕಿನ ಮುಂದೆ ನಿಂತದ್ದು ಇದೇ ಮೊದಲು. ದನಿ ನಡುಗಿದರೆ ಅದು ಮೈಕಿನ ಭಯ ಎಂದು ತಿಳಿಯಬೇಡಿರಿ. ಕಾಲು ಗಂಟೆಯ ಹಿಂದಿನ ತನಕ ನನಗೆ ಯಾವ ಭಯವೂ ಇರಲಿಲ್ಲ.

ಪೊಲೀಸ್ ಆಕ್ಷನ್ ಆಗಿ ಇಂದಿಗೆ ಇಪ್ಪತ್ತೈದು ವರ್ಷ. ನಮ್ಮ ವಾಡಿಯ ಬುರುಜಿನ ಮೇಲೆ ಹಾರಿದ ಮೊದಲ ತ್ರಿವರ್ಣ ಧ್ವಜವನ್ನು ಹೊಲಿದವಳು ನಾನು ಎಂದು ಈ ಶಾಲು, ಈ ತೆಂಗಿನಕಾಯಿ, ಈ ಹಾರ. ಮಾಸ್ತರರು ನನಗಾಗಿ ಎರಡು ಹಾಳೆ ಭಾಷಣ ಬರೆದುಕೊಟ್ಟಿದ್ದಾರೆ, ಎಂಟು ದಿನ ಕೂತು ಬಾಯಿಪಾಠ ಮಾಡಿದ್ದೇನೆ. ‘ಕೇಸರಿ ಎಂದರೆ ತ್ಯಾಗ, ಬಿಳಿ ಎಂದರೆ ಸತ್ಯ ಮತ್ತು ಶಾಂತಿ, ಹಸಿರು ಎಂದರೆ ಸಮೃದ್ಧಿ, ನಡುವಿನ ಚಕ್ರ ಧರ್ಮದ ಗತಿ.’ ನೋಡಿರಿ, ತಪ್ಪಿಲ್ಲದೆ ಬಂತು. ಆದರೆ ಮುಂದಿನದು ನನ್ನಿಂದ ಹೇಳಲಾಗದು. ಹಾಳೆಯನ್ನು ಮಡಚಿ ಇಡುತ್ತೇನೆ. ಮಾಸ್ತರರು ಸಿಟ್ಟಾಗಬಾರದು.

ಈಗ ತಾನೇ ಓದಿದ ಮಾನಪತ್ರವನ್ನು ನೀವೆಲ್ಲ ಕೇಳಿದಿರಿ. ನಾನೂ ನಿಮ್ಮ ಜೊತೆಗೇ, ಮೊದಲ ಸಲ ಕೇಳಿದೆ. ‘ಮದಾರಸಾಬ ಎಂಬ ರಜಾಕಾರನು ರಾಷ್ಟ್ರಧ್ವಜವನ್ನು ತಲೆಕೆಳಗಾಗಿ ಕಟ್ಟಿ ಅಪಮಾನಗೈಯಲು, ವೀರಮಹಿಳೆ ಪುತಳಾಬಾಯಿಯವರು ಪ್ರಾಣದ ಹಂಗು ತೊರೆದು ಬುರುಜನ್ನೇರಿ ಅದನ್ನು ಸರಿಪಡಿಸಿದರು.’ ನೀವೆಲ್ಲ ಚಪ್ಪಾಳೆ ಹೊಡೆದಿರಿ. ಮೂರನೆಯ ಸಾಲಿನಲ್ಲಿ, ಕಂಬದ ಪಕ್ಕ ಕೂತ ಒಬ್ಬ ಹೆಣ್ಣುಮಗಳು ನಿಮ್ಮೆಲ್ಲರಿಗಿಂತ ಜೋರಾಗಿ ಹೊಡೆದಳು. ಅವಳ ಹೆಸರು ಇಮಾಮಬೀ. ಮದಾರಸಾಬ ಅವಳ ಗಂಡ.

ಯಾಕೆ ಹೊಡೆದಳು? ಪುಸ್ತಕದ ಕನ್ನಡ ಅವಳಿಗೆ ತಿಳಿಯುವುದಿಲ್ಲ. ಅಷ್ಟುದ್ದ ಓದಿದ್ದರಲ್ಲಿ ಅವಳಿಗೆ ತಿಳಿದದ್ದು ಒಂದೇ ಮಾತು, ಗಂಡನ ಹೆಸರು. ಇಪ್ಪತ್ತೈದು ವರ್ಷದ ಮೇಲೆ ಸರಕಾರದ ಮೈಕಿನಲ್ಲಿ ಅವನ ಹೆಸರು ಬಂತು ಎಂದು ಹೊಡೆದಳು. ನನ್ನ ಕಡೆ ನೋಡಿ ನಕ್ಕಳು. ಆ ನಗು ನೋಡಿ ನನ್ನ ಕೈಯ ತೆಂಗಿನಕಾಯಿ ಜಾರಿತು. ನೀವು ಅದನ್ನು ವಯಸ್ಸು ಎಂದುಕೊಂಡಿರಿ. ಅಲ್ಲ.

ಆದ್ದರಿಂದ ಸಭಿಕರೇ, ಆ ಬಾವುಟದ ನಿಜವನ್ನು ಹೇಳದೆ ನಾನು ಈ ಕಟ್ಟೆ ಇಳಿಯುವುದಿಲ್ಲ.

ಅದಕ್ಕೂ ಮೊದಲು ನಮ್ಮ ಬುರುಜಿನ ಮೇಲೆ ಬೇರೆ ಬಾವುಟ ಇತ್ತು. ಹಳದಿ ಬಣ್ಣ, ನಡುವೆ ಬಿಳಿ ಗುಂಡು. ಆ ಗುಂಡು ಒಂದು ರೊಟ್ಟಿಯಂತೆ. ನಿಜಾಮರ ಹಿರಿಯನೊಬ್ಬನಿಗೆ ಒಬ್ಬ ಫಕೀರ ಹಳದಿ ಬಟ್ಟೆಯಲ್ಲಿ ರೊಟ್ಟಿ ಕಟ್ಟಿ ಕೊಟ್ಟನಂತೆ, ಎಷ್ಟು ರೊಟ್ಟಿ ತಿಂದನೋ ಅಷ್ಟು ತಲೆಮಾರು ಆಳಿಕೆ ಎಂದನಂತೆ. ಹಾಗೆಂದು ಜನ ಹೇಳುತ್ತಿದ್ದರು. ನಮ್ಮ ವಾಡಿಯ ಹುಡುಗರು ಅದನ್ನು ರೊಟ್ಟಿ ಝಂಡಾ ಎಂದೇ ಕರೆಯುತ್ತಿದ್ದರು. ನನ್ನ ಮಾವ ಹಣಮಂತಪ್ಪ ಗದರಿಸುತ್ತಿದ್ದ: “ಸುಮ್ ಕೂಡ್ರಿ, ಪೊಲೀಸ ಪಾಟೀಲ ಕೇಳಿದರ ನಿಮ್ಮ ರೊಟ್ಟಿ ಬಂದ್ ಮಾಡ್ತಾನ!”

ನಿಜಾಮರ ಹುಟ್ಟುಹಬ್ಬ ಬಂದಾಗ ಆ ಬಾವುಟ ಏರಿಸಬೇಕಿತ್ತು. ಏರಿಸುತ್ತಿದ್ದವನು ಮದಾರಸಾಬ. ಯಾಕೆಂದರೆ ಆ ಮುರುಕು ಬುರುಜನ್ನು ಹತ್ತಬಲ್ಲವನು ಅವನೊಬ್ಬನೇ. ಮೆಟ್ಟಿಲು ಬಿದ್ದುಹೋಗಿತ್ತು, ಕಲ್ಲಿನ ಸಂದಿಯಲ್ಲಿ ಬೆರಳು ಊರಿ ಹತ್ತಬೇಕು. ಅವನು ಪಿಂಜಾರ, ನಮ್ಮ ಮನೆಯ ಉಣ್ಣೆ ಹಿಂಜಿ ಕೊಡುತ್ತಿದ್ದ. ಹಿಂಜುವ ಬಿಲ್ಲು ಹೆಗಲಿಗೆ, ಬಿಳಿ ರುಮಾಲು ತಲೆಗೆ. ನಿಜಾಮರ ಪರ ಬಡಿದಾಡುವ ರಜಾಕಾರರು ಬಂದು “ನಮ್ಮ ಜೋಡಿ ಬಾ” ಎಂದಾಗ, “ನನಗ ಹಿಂಜೂದು ಒಂದೇ ಬರ್ತದ ಸಾಹೇಬ, ಹೊಡಿಯೂದು ಬರಲ್ಲ” ಎಂದವನು. ಅದಕ್ಕಾಗಿ ಏಟು ತಿಂದವನು. ಇದಕ್ಕೆ ಸಾಕ್ಷಿ ಬೇಕೆ? ಅವನ ಬೆನ್ನಿನ ಬಾಸುಂಡೆಗೆ ಅರಿಸಿನ ಅರೆದುಕೊಟ್ಟವಳು ನಾನು, ಹಚ್ಚಿದವಳು ಇಮಾಮಬೀ.

ಆ ವರ್ಷ ಭಾದ್ರಪದದ ಹುಣ್ಣಿಮೆಯ ಹೊತ್ತಿಗೆ ಸುದ್ದಿ ಬಂತು: ನಿಜಾಮರು ಸೋತರು, ಹಿಂದುಸ್ತಾನದ ಫೌಜು ಬೀದರಿಗೆ ಬಂತು, ಪ್ರತಿ ಊರಲ್ಲಿ ಮೂರು ಬಣ್ಣದ ಝಂಡಾ ಇರಬೇಕು. ಯಾರ ಊರಲ್ಲಿ ಇಲ್ಲವೋ ಆ ಊರನ್ನು ಎದುರಾಳಿಗಳ ಊರು ಎಂದು ಬರೆದುಕೊಳ್ಳುತ್ತಾರಂತೆ. ಝಂಡಾ ಎಲ್ಲಿಂದ ತರುವುದು? ಭಾಲ್ಕಿಯ ಪೇಟೆ ಬಾಗಿಲು ಹಾಕಿತ್ತು. ಬಟ್ಟೆ ಸಿಗದ ಕಾಲ. ನಮ್ಮಲ್ಲಿ ಒಬ್ಬರೂ ಆ ಬಾವುಟವನ್ನು ಕಣ್ಣಿನಿಂದ ನೋಡಿದವರಲ್ಲ. ಈ ಅಧ್ಯಕ್ಷರು, ಪಂಢರಿ ಒಬ್ಬರು ನೋಡಿದ್ದರು. ಅವರು ಆಗ ಸೊಲ್ಲಾಪುರ ಕಡೆ ಹೋರಾಟಗಾರರ ಶಿಬಿರದಲ್ಲಿದ್ದರು. ಬೇಸಿಗೆಯಲ್ಲಿ ಒಮ್ಮೆ ಕದ್ದು ಬಂದು ಉಂಡು ಹೋದಾಗ ಹೇಳಿದ್ದರು: “ವೈನಿ, ಮೊದಲ ಕೇಸರಿ, ಆಮ್ಯಾಲ ಬಿಳಿ, ಆಮ್ಯಾಲ ಹಸಿರು. ನಟ್ಟನಡುವ ಒಂದು ಗಾಲಿ.” ಅಷ್ಟೇ ನಮಗೆ ಗೊತ್ತಿದ್ದದ್ದು.

ಅಷ್ಟನ್ನೇ ಹಿಡಿದು ಹೊಲಿಯಲು ಕೂತೆ. ಕೇಸರಿಗೆ ಗಂಡನ ಹಳೆಯ ಧೋತರವನ್ನು ಕೆಂಪುಕಲ್ಲಿನ ಗಣಿಯ ಮಣ್ಣಿನಲ್ಲಿ ಅದ್ದಿದೆ. ಊರ ಹೊರಗೆ ಎಡಕ್ಕೆ, ಮಾಳದ ಮೇಲೆ ಹಾಳುಬಿದ್ದ ಗಣಿ ಅದೆ, ಅಲ್ಲಿಯ ಮಣ್ಣು ಕಾವಿಯ ಹಾಗೆ ಹತ್ತುತ್ತದೆ. ಬಿಳಿಗೆ ಮದಾರಸಾಬ ದುಪ್ಪಟಿಯ ಅಸ್ತರು ಕೊಟ್ಟ. ಹಸಿರಿಗೆ ನನ್ನ ಮದುವೆ ಸೀರೆ ಹರಿದೆ. ಗಾಲಿಯನ್ನು ಕರಿ ಉಣ್ಣೆಯ ನೂಲಿನಲ್ಲಿ ಹೆಣೆದೆ, ಬಂಡಿಯ ಗಾಲಿಯ ಹಾಗೆ ಹನ್ನೆರಡು ಅರ. ಇಪ್ಪತ್ತನಾಲ್ಕು ಇರಬೇಕು, ನೀಲಿ ಇರಬೇಕು ಎಂದು ನನಗೆ ಹೇಳುವವರು ಯಾರು? ಇವತ್ತು ಆ ಬಾವುಟ ಇಟ್ಟಿರುವ ಗಾಜಿನ ಪೆಟ್ಟಿಗೆಯ ಮುಂದೆ ಸಾಲಿಯ ಹುಡುಗಿಯರು ಅರ ಎಣಿಸಿ ಕಿಸಕ್ಕೆಂದು ನಕ್ಕರು. ನಗಲಿ. ಆ ತಪ್ಪಿಗೆ ನಗಬಹುದು.

ನಗಲಾಗದ ತಪ್ಪು ಇನ್ನೊಂದು. ಅದನ್ನು ತಿಳಿಯಬೇಕಾದರೆ ಕಂಬಳಿ ನೇಯುವವರ ಲೆಕ್ಕ ನಿಮಗೆ ಗೊತ್ತಿರಬೇಕು. ಮಗ್ಗದಲ್ಲಿ ಕಂಬಳಿ ಶುರುವಾಗುವುದು ಕಾಲಂಚಿನಿಂದ. ಹೊದ್ದವನ ಕಾಲಿನ ಕಡೆ ಬರುವ ಅಂಚು ಅದು. ಯಾರಾದರೂ ಬಂದು ‘ಮೊದಲು ಕರಿ ಪಟ್ಟಿ, ಆಮೇಲೆ ಬಿಳಿ’ ಎಂದರೆ ಕರಿ ಕಾಲಿಗೆ, ಬಿಳಿ ಅದರ ಮೇಲೆ. ಹುಟ್ಟಿದಾಗಿನಿಂದ ನಮ್ಮ ಕಿವಿ ಹಾಗೇ ಕೇಳಿದೆ, ನಮ್ಮ ಕೈ ಹಾಗೇ ನಡೆದಿದೆ. ಮೊದಲು ಹೇಳಿದ್ದು ಕೆಳಗೆ, ಕೊನೆಗೆ ಹೇಳಿದ್ದು ಮೇಲೆ. ಹೀಗೆ ಪಂಢರಿಯ ಮಾತಿನಂತೆ ಕೇಸರಿಯನ್ನು ಕೆಳಗಿಟ್ಟೆ, ಹಸಿರನ್ನು ಮೇಲಿಟ್ಟೆ. ಹಸಿರಿನ ಮೂಲೆಗೆ ಕೋಲಿಗೆ ಸಿಕ್ಕಿಸಲು ಉಣ್ಣೆಹುರಿಯ ಕುಣಿಕೆ ಹೊಲಿದೆ. ಅರ್ಥವೂ ಸರಿಯಾಗಿಯೇ ಕಂಡಿತು: ಕೆಳಗೆ ನಮ್ಮ ಕೆಂಪು ಮಣ್ಣು, ಮೇಲೆ ಬೆಳೆ. ಇಷ್ಟು ಹೇಳಿದ ಮೇಲೆ ಒಂದು ಮಾತು ಮುಚ್ಚಿಡಲಾರೆ. ನನ್ನ ಮದುವೆ ಸೀರೆ ಎಲ್ಲಕ್ಕಿಂತ ಮೇಲೆ ಹಾರಬೇಕು ಎಂಬ ಆಸೆಯೂ ಇತ್ತು. ಹರೆಯದ ಹೆಣ್ಣು, ಹರಿದ ಸೀರೆ. ಅಷ್ಟಾದರೂ ಬೇಡವೆ ಎಂದು.

ಹುಣ್ಣಿಮೆಯ ಮರುದಿನ ಬೆಳಿಗ್ಗೆ ಬುರುಜಿನ ಬುಡದಲ್ಲಿ ಮದಾರಸಾಬ ಬಟ್ಟೆ ಬಿಡಿಸಿ ನೋಡಿದ. ನೋಡಿ, ಹತ್ತಲಿಲ್ಲ.

“ಭಾಬಿ, ಹಸಿರು ಮ್ಯಾಲ ಬರ್ತದೇನು?”

“ಮ್ಯಾಲೇ ಬರ್ತದ. ಕುಣಿಕಿ ಎಲ್ಲಿ ಅದ ಕಾಣ್ಸಲ್ಲೇನು?”

“ಕಾಣ್ತದ. ಆದರ ಹತ್ತಾಂವ ನಾನು. ಸಾಬ ಹಸಿರು ಮ್ಯಾಲ ಹಾರ್ಸ್ಯಾನ ಅಂತ ನಾಳಿ ಯಾರರ ಅಂದರ? ಒಂದು ಸಲ ಯಾರಿಗರ ಕೇಳೂಣು.”

“ಯಾರಿಗಿ ಕೇಳ್ತಿ ಮದಾರಣ್ಣ? ಹಿಂಜಾಂವ ನೀ, ಹೊಲ್ದಾಕಿ ನಾ. ನಿನಗಿಂತ ನನಗ ಗೊತ್ತದ. ಹತ್ತು ಮಾರಾಯಾ, ಬಿಸಲು ಏರ್ತದ.”

ಅವನು ನಕ್ಕ. “ಆತು ತಾಯಿ, ಬಿದ್ದರ ನಿನ್ನ ಹೆಸರು ಹೇಳ್ತೇನಿ” ಎಂದು ಹತ್ತಿದ. ಆ ಮಾತು ಕೇಳಿದವರು ಇಬ್ಬರೇ, ನಾನು ಮತ್ತು ನನ್ನ ಮಾವ.

ಮರುದಿನ ಮಧ್ಯಾಹ್ನ ಲಾರಿ ಬಂತು. ಅದರಲ್ಲಿ ಬಂದವರು ಯಾರು? ಕೆಲವರು ಖಾಕಿ ಹಾಕಿದ್ದರು, ಕೆಲವರು ಧೋತರ ಉಟ್ಟಿದ್ದರು. ಯಾವ ಪಲ್ಟಣ, ಯಾರ ಮಂದಿ, ನನಗೆ ಇಂದಿಗೂ ಗೊತ್ತಿಲ್ಲ, ಗೊತ್ತಿಲ್ಲದವರ ಮೇಲೆ ನಾನು ಮಾತು ಹೊರಿಸುವುದಿಲ್ಲ. ಅವರ ಮುಂದಾಳು ಬುರುಜನ್ನು ನೋಡಿದ. ಮುಖ ಕೆಂಪಾಯಿತು.

“ಕಿಸ್ನೆ ಬಾಂಧಾ?” ಎಂದ.

ಅವನು ಕೋವಿಯ ಹಿಂಬದಿಯಿಂದ ನನ್ನ ಮಾವನ ಎದೆ ಮುಟ್ಟಿದ. ಮಾವ ಹೇಳಿದ, “ಮದಾರಸಾಬ ಕಟ್ಯಾನ್ರಿ.” ಸುಳ್ಳಲ್ಲ. ಕಟ್ಟಿದವನು ಅವನೇ. ಮೊದಲಿನ ಹಳದಿ ಝಂಡಾ ಕಟ್ಟುತ್ತಿದ್ದವನು ಯಾರು ಎಂದು ಕೇಳಿದರು. ಅದಕ್ಕೂ ಅದೇ ಉತ್ತರ.

ನಾನು ಬಾಗಿಲ ಹಿಂದೆ ಇದ್ದೆ. ಮದಾರಸಾಬನನ್ನು ಎಳೆದು ತಂದರು. “ಉಲ್ಟಾ ಕಟ್ಟು ಅಂತ ನಿನಗೆ ಹೇಳಿದವರು ಯಾರು?” ಎಂದು ಮೂರು ಸಲ ಕೇಳಿದರು. ಉಲ್ಟಾ ಎಂಬುದು ನನಗೆ ತಿಳಿದದ್ದೇ ಆಗ. ಮೂರನೆಯ ಸಲ ಅವನು ಬಾಗಿಲ ಸಂದಿಯ ಕಡೆ ನೋಡಿದ. ನಾನು ಅವನ ಕಣ್ಣು ನೋಡಿದೆ, ಅವನು ನನ್ನ ಕಣ್ಣು ನೋಡಿದ. ಹತ್ತು ಹೆಜ್ಜೆಯ ದೂರ, ರೀ. ಹೊರಗೆ ಬಂದು, ‘ಹೊಲ್ದಾಕಿ ನಾನು, ಹೇಳ್ದಾಕಿ ನಾನು’ ಎನ್ನಬೇಕಿತ್ತು. ಎಷ್ಟು ಮಾತು ಅದು? ನಾಲ್ಕು ಮಾತು. ನಾನು ಬಾಗಿಲ ಚಿಲಕವನ್ನು ಹಿಡಿದು ನಿಂತೆ.

ಅವನು ಹೇಳಿದ: “ಯಾರೂ ಹೇಳಿಲ್ಲ ಸಾಹೇಬ. ನನಗೇ ತಿಳೀಲಿಲ್ಲ.”

ಬಿದ್ದರೆ ನಿನ್ನ ಹೆಸರು ಹೇಳುತ್ತೇನೆ ಎಂದವನು, ಬಿದ್ದಾಗ ನನ್ನ ಹೆಸರು ಹೇಳಲಿಲ್ಲ.

‘ಬೀದರಿಗೆ ಒಯ್ದು ವಿಚಾರಣೆ ಮಾಡುತ್ತೇವೆ’ ಎಂದು ಅವನನ್ನು ಲಾರಿಯ ಹಿಂಭಾಗದಲ್ಲಿ ಹತ್ತಿಸಿ ನಿಲ್ಲಿಸಿದರು. ಬಾವುಟ ಸರಿಮಾಡಿರಿ ಎಂದು ಹೇಳಿ ಹೊರಟರು. ಸರಿಮಾಡಲು ಹತ್ತುವವರು ಯಾರು? ಹತ್ತುವವನು ಲಾರಿಯಲ್ಲಿದ್ದ. ಅವನು ಬೆರಳು ಊರುತ್ತಿದ್ದ ಸಂದಿಗಳನ್ನೇ ಹಿಡಿದು ನಾನು ಹತ್ತಿದೆ. ಮಾನಪತ್ರದಲ್ಲಿ ಅದಕ್ಕೆ ಪ್ರಾಣದ ಹಂಗು ತೊರೆದು ಎಂದು ಬರೆದಿದ್ದಾರೆ. ಸಭಿಕರೇ, ನಾನು ಬಾವುಟಕ್ಕಾಗಿ ಹತ್ತಲಿಲ್ಲ. ಲಾರಿ ಎತ್ತ ಹೋಗುತ್ತದೆ ಎಂದು ನೋಡಲು ಹತ್ತಿದೆ.

ಮೇಲಿಂದ ಕಂಡಿತು. ಬಲಕ್ಕೆ ಬೀದರಿನ ದಾರಿ. ಎಡಕ್ಕೆ ಕುರಿ ಹೋಗುವ ದಾರಿ, ಗಣಿಯ ಕಡೆ. ಲಾರಿ ಎಡಕ್ಕೆ ತಿರುಗಿತು. ಬಿಳಿ ರುಮಾಲು ಕಾಣುವವರೆಗೆ ಕಂಡಿತು. ಆಮೇಲೆ ಎರಡು ಸದ್ದು. ಕಲ್ಲು ಒಡೆಯುವ ಸದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಆ ಗಣಿಯಲ್ಲಿ ಕಲ್ಲು ಒಡೆಯುವುದು ನಿಂತು ಎಷ್ಟೋ ವರ್ಷವಾಗಿತ್ತು. ಸ್ವಲ್ಪ ಹೊತ್ತಿಗೆ ಲಾರಿ ತಿರುಗಿ ಬಂತು, ಬೀದರಿನ ದಾರಿ ಹಿಡಿಯಿತು. ಹಿಂದೆ ರುಮಾಲು ಇರಲಿಲ್ಲ.

ನನ್ನ ಕೈ ಬಾವುಟವನ್ನು ಹೇಗೆ ತಿರುವಿತೋ ತಿಳಿಯದು. ನೋಡಿರಿ, ಆ ಗಾಜಿನ ಪೆಟ್ಟಿಗೆಯಲ್ಲಿ ನೋಡಿರಿ. ಕೇಸರಿಯ ಮೂಲೆಯಲ್ಲಿ ಗಂಟು ಬಿಗಿದ ಸುಕ್ಕು ಅದೆ. ಉಣ್ಣೆಹುರಿಯ ಕುಣಿಕೆ ಕೆಳಗೆ, ಹಸಿರಿನ ಮೂಲೆಯಲ್ಲಿ ಜೋತುಬಿದ್ದದೆ. ಬಾವುಟಕ್ಕೆ ಕೆಳಗೆ ಕುಣಿಕೆ ಯಾಕೆ ಎಂದು ಇಪ್ಪತ್ತೈದು ವರ್ಷದಲ್ಲಿ ಒಬ್ಬರಾದರೂ ಕೇಳಿದ್ದರೆ, ಅಂದೇ ಸಿಕ್ಕಿಬೀಳುತ್ತಿದ್ದೆ. ಯಾರೂ ಕೇಳಲಿಲ್ಲ.

ಕೆಳಗೆ ಇಳಿದೆ. ಇಮಾಮಬೀ ಬುಡದಲ್ಲಿ ನಿಂತಿದ್ದಳು. “ಎತ್ಲಾಗ ಹೋಯ್ತೇ ಪುತಳಾ?” ಎಂದಳು.

“ಬೀದರಿಗಿ” ಎಂದೆ.

ಲಾರಿ ಬೀದರಿಗೆ ಹೋಗಿದ್ದು ನಿಜ. ನಿಜದೊಳಗೆ ಸುಳ್ಳನ್ನು ಹೀಗೂ ಕಟ್ಟಬಹುದು. ನಾನು ಎಡದ ದಾರಿ ಹೇಳಿದ್ದರೆ ಅವಳು ಮುಂದಿನ ಮಾತು ಕೇಳುತ್ತಿದ್ದಳು: ಹಸಿರು ಮೇಲೆ ಕಟ್ಟು ಅಂತ ಯಾರು ಹೇಳಿದರು? ಆ ಮಾತಿಗೆ ಹೆದರಿದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ವೇಳೆ ಆಯಿತಂತೆ. ಗೊತ್ತು ಪಂಢರಿ. ನಿನ್ನನ್ನು ನಾನು ದೂರುವುದಿಲ್ಲ. ನೀನು ಆ ದಿನ ಊರಲ್ಲಿರಲಿಲ್ಲ, ಈ ಕಥೆ ಹೇಳಿದವಳು ನಾನೇ. ಮೊದಮೊದಲು ‘ತಪ್ಪಿ ತಲೆಕೆಳಗಾಗಿತ್ತು’ ಎಂದೆ. ಸಾಲಿಯ ಮಕ್ಕಳು ಕೇಳಿದಾಗ ‘ಯಾರೋ ಕಟ್ಟಿದ್ದರು’ ಎಂದೆ. ಆ ‘ಯಾರೋ’ ಎಂಬುವನಿಗೆ ನೀವೆಲ್ಲ ವರ್ಷಕ್ಕೊಂದು ಬಣ್ಣ ಹಚ್ಚಿದಿರಿ, ನಾನು ಸುಮ್ಮನಿದ್ದೆ. ಇವತ್ತು ಅವನಿಗೆ ರಜಾಕಾರ ಎಂದು ಹೆಸರಿಟ್ಟು, ಅಚ್ಚು ಹಾಕಿಸಿ, ಚೌಕಟ್ಟು ಕೂಡಿಸಿ ಶಾಲಿನ ಜೊತೆ ನನ್ನ ಕೈಗೆ ಕೊಟ್ಟಿದ್ದೀರಿ. ನಾನು ನೂತ ನೂಲೇ ಇದು. ಇನ್ನೊಬ್ಬರು ನೇಯ್ದರು, ಅಷ್ಟೇ.

ಇನ್ನು ಸರಕಾರಿ ಮುದ್ರೆಗಳ ಮಾತು. ಮಾಸ್ತರರ ಹಾಳೆಯಲ್ಲೂ ಅವುಗಳ ಅರ್ಥ ಬರೆದದೆ. ಇಮಾಮಬೀ ಗಂಡನನ್ನು ಹುಡುಕಲು ಅರ್ಜಿ ಕೊಟ್ಟಳು. ಬರೆದುಕೊಟ್ಟವಳು ಯಾರು? ನಾನೇ, ನಾಲ್ಕನೇ ತರಗತಿ ಓದಿದವಳು. ಮೊದಲ ಉತ್ತರ ಬಂದಾಗ ಕಾಗದದ ಮೇಲೆ ಹೈದರಾಬಾದಿನ ಹಳೆಯ ಮೊಹರು. ರಾಜ್ಯ ಹೋಗಿತ್ತು, ಮೊಹರು ಇನ್ನೂ ಹೋಗಿರಲಿಲ್ಲ. ಎರಡನೆಯದರ ಮೇಲೆ ಸಿಂಹಗಳು. ಮೈಸೂರು ರಾಜ್ಯ ಆದ ಮೇಲೆ ಬಂದದ್ದರಲ್ಲಿ ಎರಡು ತಲೆಯ ಹಕ್ಕಿ. ಇನ್ನೊಂದೂವರೆ ತಿಂಗಳಿಗೆ ಈ ರಾಜ್ಯಕ್ಕೂ ಹೊಸ ಹೆಸರು ಬರುತ್ತದಂತೆ, ಕಾಗದದ ತಲೆಯೂ ಬದಲಾದೀತು. ಮೊಹರು ಮೂರು, ಉತ್ತರ ಒಂದೇ: ‘ಸದರಿ ಹೆಸರಿನ ಕೈದಿಯು ದಫ್ತರದಲ್ಲಿ ಇರುವುದಿಲ್ಲ.’ ಸಿಂಹದ ಕೆಳಗೆ ಬರೆದದ್ದನ್ನು ಓದು ಎಂದಳು ಇಮಾಮಬೀ. ಓದಿದೆ: ಸತ್ಯಮೇವ ಜಯತೇ. ಅರ್ಥ ಏನು ಎಂದಳು. “ಖರೇದ್ದೇ ಗೆಲ್ತದ ಅಂತ” ಎಂದೆ. “ಹಂಗಾದರ ಸಿಗ್ತಾನ ಬಿಡು” ಎಂದು ಅವಳು ಆ ಕಾಗದವನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಅವಳ ಜೊತೆ ನಾನೂ ಬಸ್ಸು ಹತ್ತಿ ಬೀದರಿಗೆ ಹೋಗಿದ್ದೇನೆ. ಕೋಟೆಯ ಮುಂದಿನ ಬೇವಿನ ನೆರಳಲ್ಲಿ ಕೂತು ಇಬ್ಬರೂ ರೊಟ್ಟಿ ತಿಂದಿದ್ದೇವೆ. ಕೈದಿಗಳನ್ನು ಭಾಲ್ಕಿಯಲ್ಲಿ ರೈಲಿಗೆ ಹತ್ತಿಸಿದ್ದರು ಎಂದು ಯಾರೋ ಹೇಳಿದ್ದಕ್ಕೆ ಭಾಲ್ಕಿ ಸ್ಟೇಷನ್ನಿಗೂ ಹೋಗಿದ್ದೇವೆ, ಅಲ್ಲಿಯ ಹಮಾಲರನ್ನು ಕೇಳಿದ್ದೇವೆ. ಗೊತ್ತಿದ್ದೂ ಹೋದೆ. ಗೊತ್ತಿದ್ದೂ ಕೇಳಿದೆ. ದೇವರ ಮೇಲೆ ಭಕ್ತಿ ಇರುವವಳು ಎಂದು ಮಾನಪತ್ರದಲ್ಲಿ ಬರೆದಿದ್ದೀರಲ್ಲ? ಭಕ್ತಿ ಇದ್ದವಳ ಕೆಲಸವೇ ಇದು?

ಗೊತ್ತಿತ್ತು, ಯಾಕೆಂದರೆ ಲಾರಿ ಬಂದುಹೋದ ಮಾರನೆಯ ದಿನವೇ ನನ್ನ ಗಂಡ ಧೊಂಡಿಬಾ ಕುರಿ ಹೊಡೆದುಕೊಂಡು ಗಣಿಗೆ ಹೋಗಿದ್ದ. ರುಮಾಲು ತಂದ. ಸಂಜೆ ನಾವಿಬ್ಬರೂ ಹೋಗಿ, ಬಂದಷ್ಟು ಮಣ್ಣು ಮಾಡಿ, ಮೇಲೆ ಕೆಂಪುಕಲ್ಲು ಒಟ್ಟಿದೆವು. ಅವರ ಪದ್ಧತಿಯ ಮಾತು ನಮಗೆ ಬರುತ್ತಿರಲಿಲ್ಲ, ನಮ್ಮ ದೇವರ ಅರಿಸಿನದ ಭಂಡಾರ ಚೆಲ್ಲಿದೆವು. “ಯಾರಿಗೂ ಹೇಳಬ್ಯಾಡ” ಎಂದ ಧೊಂಡಿಬಾ. ಅವನು ಸತ್ತು ಒಂಬತ್ತು ವರ್ಷ. ಅವನ ಹೆಸರು ಹೇಳಿ ಇನ್ನು ನಾನು ಅಡಗಲಾರೆ.

ಅಧ್ಯಕ್ಷರಲ್ಲಿ ಒಂದು ಬೇಡಿಕೆ. ಈ ಶಾಲನ್ನು ಮೇಜಿನ ಮೇಲೆ ಇಡುತ್ತಿದ್ದೇನೆ. ಮಾನಪತ್ರದಿಂದ ರಜಾಕಾರ ಎಂಬ ಮಾತನ್ನು ಹೊಡೆದುಹಾಕಿರಿ. ಗಾಜಿನ ಪೆಟ್ಟಿಗೆಯ ಕೆಳಗೆ ಬರೆಯಿರಿ: ಹೊಲಿದು ಕೆಡಿಸಿದವಳು ಪುತಳಾಬಾಯಿ, ನಂಬಿ ಕಟ್ಟಿದವನು ಪಿಂಜಾರ ಮದಾರಸಾಬ. ಸಿಂಹದ ಕೆಳಗಿನ ಆ ಮಾತು ಬರೆಯುವುದಾದರೆ ಅದರ ಕೆಳಗೆ ಬರೆಯಿರಿ.

ಇನ್ನು ಉಳಿದದ್ದು ನಿಮಗಲ್ಲ. ಇಷ್ಟು ಹೊತ್ತು ಮಾಸ್ತರರ ಹಾಗೆ ಮಾತಾಡಿದೆ, ಇದು ಅವಳಿಗೆ ತಿಳಿದಿರಲಿಕ್ಕಿಲ್ಲ. ಇನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ, ಮೈಕು ಇದ್ದರೂ ಸರಿ.

ಇಮಾಮಬೀ, ಇಲ್ಲಿ ನೋಡವ್ವಾ. ನಿನ್ನ ಗಂಡನ ಹೆಸರು ಅವರು ಹೊಗಳಲಿಕ್ಕ ಹೇಳಿಲ್ಲ. ಬೈಲಿಕ್ಕ ಹೇಳ್ಯಾರ. ಆ ಬೈಗುಳ ನಂದು, ಅವಂದಲ್ಲ. ಝಂಡಾ ಉಲ್ಟಾ ಕಟ್ಟು ಅಂತ ಹೇಳ್ದಾಕಿ ನಾನು. ಅವ ಬ್ಯಾಡ ಅಂದ, ನಾ ಕೇಳಲಿಲ್ಲ. ಅವ ನನ್ನ ಹೆಸರು ಹೇಳಲಿಲ್ಲ, ನಾ ಹೊರಗ ಬರಲಿಲ್ಲ. ಲಾರಿ ಅವನ್ನ ಬೀದರಿಗಿ ಒಯ್ದಿಲ್ಲ. ಗಣಿ ಕಡಿ ಒಯ್ತು. ಪ್ರತಿ ಅಮಾವಾಸಿಗಿ ನಾ ದೀಪ ಹಚ್ಚತೇನಲ್ಲ ಅಲ್ಲಿ, ಕುರಿ ಕಾಯೋ ಮೈಲಾರಲಿಂಗ ಅಂತ ನಿನಗ ಹೇಳಿದ್ದೆ, ನೀನೂ ಎರಡು ಸಲ ಎಣ್ಣಿ ಕೊಟ್ಟಿದ್ದಿ. ಅದು ಮೈಲಾರಲಿಂಗ ಅಲ್ಲವ್ವಾ. ಅಂವ ಅಲ್ಲೇ ಅದಾನ. ಅವನ ರುಮಾಲು ನನ್ನ ಟ್ರಂಕಿನ್ಯಾಗ ಅದ.

ನಿನ್ನ ಕೈಯಾನ ಹಸಿರು ಬಳಿ ಇಪ್ಪತ್ತೈದು ವರ್ಷ ನಾನೇ ಬಳಿಗಾರನ್ನ ಕರದು ಇಡಸೀನಿ. ಅವು ಇರಲಿ ಅಂತಿಯೋ ತಗೀತಿಯೋ, ಅದು ನಿನ್ನ ಮರ್ಜಿ. ನನಗ ಏನು ಮಾಡ್ತಿ ಅಂಬೋದೂ ನಿನ್ನ ಮರ್ಜಿ. ನಾ ಈಗ ಇಳದು ಬರ್ತೇನಿ. ನೀ ನನ್ನ ಜೋಡಿ ಬಂದರ ಬಾ, ಬರದಿದ್ದರ ನಿನ್ನ ಹಿಂದ ನಾ ನಡೀತೇನಿ. ಸಂತಪುರದ ಬಸ್ಸು ನಾಕಕ್ಕ ಅದ. ಇವತ್ತು ಬೀದರಿಗಿ ಬ್ಯಾಡ, ಗಣಿಗಿ ಹೋಗೂಣು.

ಸಭಿಕರೇ, ಕರೆದು ಗೌರವಿಸಿದ್ದಕ್ಕೆ, ನಡುವೆ ತಡೆಯದೆ ಕೇಳಿದ್ದಕ್ಕೆ ನಿಮ್ಮ ಋಣ ನನ್ನ ಮೇಲಿದೆ. ಒಂದೇ ಒಂದು ಉಪಕಾರ ಮಾಡಿರಿ: ಈಗ ಯಾರೂ ಚಪ್ಪಾಳೆ ಹೊಡೆಯಬೇಡಿರಿ. ಅವಳು ಎದ್ದು ನಿಂತಿದ್ದಾಳೆ, ದಾರಿ ಬಿಡಿರಿ.

ನಮಸ್ಕಾರ.